ಜುಟ್ಟುವಿಗೆ ಗರಿ ಬಂದ ತಿಂಗಳು

ನಮ್ಮ ಕಟ್ಟಡದವರೆಲ್ಲ ಅವಳನ್ನು ಕಾಜಾ ಅಕ್ಕ ಎಂದೇ ಕರೆಯುತ್ತಿದ್ದೆವು. ಅವಳಿಗಿಂತ ಹತ್ತು ವರ್ಷ ದೊಡ್ಡವರೂ ಅಕ್ಕ ಎನ್ನುತ್ತಿದ್ದರು. ಕೋಟಿನ ಗುಂಡಿ ತೂರುವ ಕಂಡಿಯ ಸುತ್ತ ರೇಷ್ಮೆ ದಾರದಲ್ಲಿ ಒತ್ತೊತ್ತಾಗಿ ಹೊಲಿಯುವುದಕ್ಕೆ ದರ್ಜಿಗಳು ಕಾಜಾ ಹಾಕುವುದು ಎನ್ನುತ್ತಾರೆ. ಆ ಒಂದೇ ಕೆಲಸವನ್ನು ಅವಳು ಹತ್ತೊಂಬತ್ತನೆಯ ವಯಸ್ಸಿನಿಂದ ಮಾಡಿಕೊಂಡು ಬಂದಿದ್ದಳು. ದೊಡ್ಡ ಬೀದಿಯ ಕೋಟಿನ ಅಂಗಡಿಯಿಂದ ಬೆಳಿಗ್ಗೆ ಗಂಟು ಬರುತ್ತಿತ್ತು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು, ತೊಡೆಯ ಮೇಲೊಂದು ಹಲಗೆ ಇಟ್ಟುಕೊಂಡು, ಸೀಮೆಸುಣ್ಣದ ಗುರುತಿದ್ದಲ್ಲಿ ಕತ್ತರಿಸಿ, ಬಟ್ಟೆಯ ನೂಲು ಬಿಚ್ಚಿಕೊಳ್ಳುವ ಮೊದಲೇ ಹೊಲಿಗೆ ಶುರುಮಾಡುತ್ತಿದ್ದಳು. ಅವಳು ಹಾಕಿದ ಕಾಜಾ ಕೋಟು ಹರಿದು ಚಿಂದಿಯಾದರೂ ಬಿಡುತ್ತಿರಲಿಲ್ಲ.

ಅವಳ ಜೊತೆ ಇದ್ದವನು ತಮ್ಮ. ಮೂರು ವರ್ಷಕ್ಕೆ ಚಿಕ್ಕವನು. ಹತ್ತು ನಿಮಿಷದ ದಾರಿಯಲ್ಲಿದ್ದ ದೊಡ್ಡ ಆಸ್ಪತ್ರೆಯಲ್ಲಿ ಲಿಫ್ಟ್ ನಡೆಸುವ ಕೆಲಸ. ನಮಗೆಲ್ಲ ಲಿಫ್ಟಣ್ಣ. ನಮ್ಮ ಕಟ್ಟಡಕ್ಕೆ ಲಿಫ್ಟ್ ಇರಲಿಲ್ಲ. ಮೂರನೆಯ ಮಹಡಿಗೆ ಏದುಸಿರು ಬಿಡುತ್ತ ಹತ್ತಿ ಬಂದು, "ಊರವರನ್ನೆಲ್ಲ ಮೇಲೆ ಕಳಿಸೋನು ನಾನು, ನನ್ನನ್ನು ಮೇಲೆ ಕಳಿಸೋರು ಯಾರೂ ಇಲ್ಲ ನೋಡಿ" ಎಂದು ತನ್ನ ಮಾತಿಗೆ ತಾನೇ ನಗುತ್ತಿದ್ದ. ನಾನು ಅವರ ಎದುರು ಬಾಗಿಲಿನವಳು. ಅಂಚೆ ಕಚೇರಿಯ ಕೌಂಟರಿನಲ್ಲಿ ಕೆಲಸ. ಒಂಬತ್ತಕ್ಕೆ ಬೀಗ ಹಾಕಿ ಹೋದರೆ ಬರುವುದು ಸಂಜೆ ಆರಕ್ಕೆ.

ಅಕ್ಕ ತಮ್ಮ ಇಬ್ಬರ ನಡುವೆ ಮಾತಿರಲಿಲ್ಲ. ಹೊಸಬರಿಗೆ ಇದು ತಿಳಿಯಲು ವಾರ ಹಿಡಿಯುತ್ತಿತ್ತು. ಏಕೆಂದರೆ ಜಗಳವೂ ಇರಲಿಲ್ಲ. ಅವನ ಸಮವಸ್ತ್ರದ ಅಂಗಿ ಒಗೆದು, ಬಿದ್ದ ಗುಂಡಿ ಹಚ್ಚಿ ಮಡಿಸಿಡುತ್ತಿದ್ದವಳು ಅವಳೇ. ಅವಳ ಕನ್ನಡಕ ಸಡಿಲವಾದರೆ ಕೇಳದೆಯೇ ಒಯ್ದು ಸರಿಮಾಡಿಸಿ ತರುತ್ತಿದ್ದವನು ಅವನೇ. ಮಾತು ಮಾತ್ರ ಇಲ್ಲ.

ಕಾರಣ ಹಳೆಯದು. ಅವಳಿಗೆ ಮೂವತ್ತಾರಾಗಿದ್ದಾಗ ಕೋಟಿನ ಅಂಗಡಿಯಲ್ಲಿ ಬಟ್ಟೆ ಕತ್ತರಿಸುವ ಮಾಸ್ತರನೊಬ್ಬ ಅವಳನ್ನು ಮದುವೆಯಾಗುತ್ತೇನೆಂದು ಕೇಳಿದ್ದ. ಹೆಂಡತಿ ಸತ್ತವನು, ಮೆತ್ತಗಿನ ಮಾತಿನವನು. ಬೇರೆ ಊರಿನಲ್ಲಿ ಸ್ವಂತ ಅಂಗಡಿ ಇಡುವವನಿದ್ದ. ಅವಳು ಒಪ್ಪಿದ್ದಳು. ಆಗ ತಾಯಿ ಆಗಲೇ ಹಾಸಿಗೆ ಹಿಡಿದಿದ್ದರು. ಒಂದು ಸಂಜೆ ತಮ್ಮ ಹೋಗಿ ಮಾಸ್ತರನಿಗೆ, ಅಕ್ಕನಿಗೆ ಚಿಕ್ಕಂದಿನಲ್ಲಿ ಮೂರ್ಛೆ ಬರುತ್ತಿತ್ತು ಎಂದು ಹೇಳಿಬಂದ. ಹದಿನಾಲ್ಕರ ನಂತರ ಒಮ್ಮೆಯೂ ಬಂದದ್ದಿಲ್ಲ, ಅದನ್ನು ಹೇಳಲಿಲ್ಲ. ಮಾಸ್ತರ ಮರುವಾರ ಒಬ್ಬನೇ ಊರು ಬಿಟ್ಟ.

"ಇದ್ದಿದ್ದು ಇದ್ದ ಹಾಗೆ ಹೇಳಿದೆ. ನಾಳೆ ಅವರಿಗೆ ಗೊತ್ತಾದ್ರೆ ನಿನಗೇ ಕಷ್ಟ ಆಗ್ತಿತ್ತು" ಎಂದನಂತೆ ತಮ್ಮ.

"ನನ್ನ ವಿಷಯ ಹೇಳೋಕೆ ನನಗೇ ಬಾಯಿ ಇತ್ತು. ಆ ಬಾಯಿ ಇನ್ನು ನಿನ್ನ ಪಾಲಿಗಿಲ್ಲ" ಎಂದಳಂತೆ ಅವಳು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎನ್ನುತ್ತಾರಲ್ಲ, ಅವಳ ವಿಷಯದಲ್ಲಿ ಆಡಿದ ಮಾತು ಹೋಗಲಿಲ್ಲ, ನಿಂತೇಬಿಟ್ಟಿತು. ಆನಂತರ ಏಳು ವರ್ಷ ತಾಯಿ ಬದುಕಿದ್ದರು. ಅಲ್ಲಿಯ ತನಕ ಮಾತೆಲ್ಲ ತಾಯಿಯ ಹಾಸಿಗೆಯ ಮೇಲಿಂದ ಹಾದುಹೋಗುತ್ತಿತ್ತು. "ಅಮ್ಮಾ, ಅವನಿಗೆ ಹೇಳು, ಗ್ಯಾಸ್ ಮುಗೀತಾ ಬಂತು." "ಅಮ್ಮಾ, ಅಕ್ಕನಿಗೆ ಹೇಳು, ನಾಳೆ ತರ್ತೀನಿ." ಕೊನೆಕೊನೆಗೆ ತಾಯಿಗೆ ಕಿವಿಯೇ ಕೇಳುತ್ತಿರಲಿಲ್ಲ. ಆದರೂ ಇಬ್ಬರೂ ಅವರಿಗೇ ಹೇಳುತ್ತಿದ್ದರು. ಅವರು ಹೋದ ಮೇಲೆ ಎಂಟು ತಿಂಗಳು ಆ ಮನೆಯಿಂದ ಪಾತ್ರೆಯ ಸದ್ದು ಬಿಟ್ಟು ಬೇರೇನೂ ನನಗೆ ಕೇಳಿಸಲಿಲ್ಲ.

ಆಮೇಲೆ ಹಕ್ಕಿ ಬಂತು.

ಆರನೆಯ ಮಹಡಿಯ ವಾರ್ಡಿನಲ್ಲಿ ಒಬ್ಬ ಮುದುಕರು ತೀರಿಕೊಂಡಿದ್ದರು. ಕಾಯಿಲೆ ಬೀಳುವ ಸ್ವಲ್ಪ ಮೊದಲು ಒಂದು ಮರಿಹಕ್ಕಿ ಕೊಂಡಿದ್ದರಂತೆ. ಮಗನಿಗೆ ಅದು ಬೇಡ. ಹಾರಿಸಿಬಿಡುತ್ತೇನೆ ಎನ್ನುತ್ತಿದ್ದವನ ಕೈಯಿಂದ ಲಿಫ್ಟಣ್ಣ ಪಂಜರ ಸಮೇತ ಇಸಿದುಕೊಂಡು ಬಂದ. ಬೂದು ಮೈ, ಕೆನ್ನೆಯ ಮೇಲೆ ಮಾಸಿದ ಕಿತ್ತಳೆ ಬೊಟ್ಟು, ನೆತ್ತಿಯ ಮೇಲೆ ನೆಟ್ಟಗೆ ನಿಲ್ಲುವ ಜುಟ್ಟು. ಕಾಕಟೀಲ್ ಎಂದು ಅದರ ಜಾತಿಯ ಹೆಸರು. ಪಂಜರವನ್ನು ಕಿಟಕಿಯ ಪಕ್ಕ ತೂಗುಹಾಕಿ ಅವನು ಹಕ್ಕಿಗೆ ಹೇಳಿದ: "ಅಕ್ಕನಿಗೆ ಹೇಳು, ನಿನಗೆ ಯಾರೂ ಇಲ್ಲ ಅಂತ."

ಕೋಟಿನಿಂದ ತಲೆಯೆತ್ತದೆ ಅವಳು ಹಕ್ಕಿಗೇ ಉತ್ತರ ಕೊಟ್ಟಳು: "ಆ ಮಹಾನುಭಾವರಿಗೆ ಹೇಳು, ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂ ಅನ್ನೋ ಹಾಗಾಯ್ತು ನಮ್ಮ ಮನೆ ಕಥೆ ಅಂತ."

ಹಾಗೆ ಅದಕ್ಕೆ ಜುಟ್ಟು ಎಂದೇ ಹೆಸರಾಯಿತು. ಹಾಗೆಯೇ ಆ ಮನೆಗೆ ಮಾತು ಮರಳಿತು. ತಾಯಿಯ ಮೂಲಕ ಬರೀ ಗ್ಯಾಸು, ಉಪ್ಪು, ನೀರಿನ ಸುದ್ದಿ ಇದ್ದರೆ, ಹಕ್ಕಿಯ ಮೂಲಕ ಏನೇನೋ ಬಂತು. ಲಿಫ್ಟಿನಲ್ಲಿ ಸಿಕ್ಕಿಕೊಂಡ ದೊಡ್ಡ ಡಾಕ್ಟರು ಹೇಗೆ ಬೆವರಿದರು ಎಂದು ಅವನು ಹಕ್ಕಿಗೆ ನಟಿಸಿ ತೋರಿಸುತ್ತಿದ್ದ. ಹೊಟ್ಟೆ ಬೆಳೆದವರು ಕೋಟು ಚಿಕ್ಕದಾಯಿತೆಂದು ಕಾಜಾವನ್ನು ಬೈಯುತ್ತಾರೆ ಎಂದು ಅವಳು ಹಕ್ಕಿಗೆ ದೂರುತ್ತಿದ್ದಳು. ನನ್ನ ಬಾಗಿಲಿಗೇ ನಗು ಕೇಳುತ್ತಿತ್ತು, ಒಮ್ಮೆ ಅವನದು, ಒಮ್ಮೆ ಅವಳದು, ಜೊತೆಯಾಗಿ ಮಾತ್ರ ಎಂದೂ ಇಲ್ಲ. ಅವರಿಬ್ಬರೂ ದಿನಕ್ಕೆ ನೂರು ಸಲ "ಹೇಳು, ಹೇಳು" ಎನ್ನುವುದನ್ನು ಕೇಳಿ ಕೇಳಿ ಹಕ್ಕಿಯೂ "ಹೇಳು" ಎನ್ನಲು ಕಲಿಯಿತು. ಅದಕ್ಕೆ ಬರುತ್ತಿದ್ದ ಮಾತು ಅದೊಂದೇ.

ಹಕ್ಕಿ ಬಂದು ಹತ್ತು ತಿಂಗಳಾದಾಗ ಗರಿ ಉದುರತೊಡಗಿತು.

ಮೊದಲು ಕಂಡದ್ದು ಕೋಟಿನ ಅಂಗಡಿಯವರಿಗೆ. ಕರಿ ಕೋಟುಗಳ ಮೇಲೆಲ್ಲ ಬೂದು ತುಪ್ಪಳ ಅಂಟಿಕೊಂಡಿದೆ ಎಂದು ಅವರು ಗಂಟನ್ನು ವಾಪಸು ಕಳಿಸಿದರು. ಅಕ್ಕ ಅದನ್ನು ಒಂದೊಂದಾಗಿ ಆರಿಸಿ ತೆಗೆದಳು. ಮರುದಿನ ಪಂಜರದ ತಳದಲ್ಲಿ ಉದ್ದನೆಯ ಗರಿಗಳು. ಮಾರನೆಯ ದಿನ ಬಾಲದ್ದೂ ಬಿತ್ತು. ಹಕ್ಕಿ ಮಾತು ನಿಲ್ಲಿಸಿತು. ಮೈಯುಬ್ಬಿಸಿಕೊಂಡು ಮೂಲೆಯಲ್ಲಿ ಕೂತು, ಬೆರಳು ಹತ್ತಿರ ತಂದರೆ ಕಚ್ಚುತ್ತಿತ್ತು. ಕತ್ತಿನ ಸುತ್ತ ಚರ್ಮ ಕಾಣುವಷ್ಟು ಬೋಳಾಯಿತು.

ಆ ಸಂಜೆ ಅಕ್ಕ ನನ್ನ ಬಾಗಿಲಿಗೆ ಬಂದಳು. ಕೈಯಲ್ಲಿ ಒಂದು ಹಿಡಿ ಗರಿ.

"ಇದು ಹೋಗುತ್ತೆ ಕಣೇ" ಎಂದಳು. "ಅಮ್ಮನಿಗೂ ಕೊನೇಲಿ ಹೀಗೇ, ಬಾಚಿದ್ರೆ ಬಾಚಣಿಗೆ ತುಂಬ ಕೂದಲು ಬರ್ತಿತ್ತು."

ನನಗೂ ಏನೂ ಗೊತ್ತಿರಲಿಲ್ಲ. ಆದರೆ ಆ ಹೊತ್ತಿಗೆ ಲಿಫ್ಟಣ್ಣ ಡ್ಯೂಟಿ ಮುಗಿಸಿ ನೇರ ಹಕ್ಕಿ ಮಾರುವ ಅಂಗಡಿಗೆ ಹೋಗಿದ್ದ. ಅವನು ಬಂದಾಗ ನಾನು ಅವರ ಮನೆಯಲ್ಲೇ ಇದ್ದೆ. ಚಪ್ಪಲಿ ಬಿಟ್ಟವನೇ ಪಂಜರದ ಮುಂದೆ ಕೂತ.

"ಜುಟ್ಟು, ಅಕ್ಕನಿಗೆ ಹೇಳು. ನೀನು ಸಾಯ್ತಾ ಇಲ್ಲ."

ಅಕ್ಕನ ಸೂಜಿ ನಿಂತಿತು.

"ಹಳೇ ಗರಿ ಬಿದ್ದು ಹೊಸದು ಬರೋ ಕಾಲವಂತೆ. ಹಾವು ಪೊರೆ ಬಿಟ್ಟ ಹಾಗೆ. ಎಲ್ಲ ಹಕ್ಕಿಗೂ ಆಗುತ್ತಂತೆ. ಒಂದೆರಡು ತಿಂಗಳು ಮೈಯೆಲ್ಲ ನವೆ, ಸುಸ್ತು, ಸಿಟ್ಟು. ಬೇಯಿಸಿದ ಮೊಟ್ಟೆ ಕೊಡಬೇಕು, ಮೊಳಕೆ ಕಾಳು ಕೊಡಬೇಕು. ದಿನಾ ಉಗುರುಬೆಚ್ಚಗಿನ ನೀರು ಮೈಮೇಲೆ ಚಿಮುಕಿಸಬೇಕು. ಗಾಳಿ ಹೊಡೀಬಾರದು. ಚೆನ್ನಾಗಿ ನಿದ್ದೆ ಆಗಬೇಕು."

"ಜುಟ್ಟು, ಅವನನ್ನ ಕೇಳು, ಮೊಟ್ಟೆ ದಿನಕ್ಕೆಷ್ಟು ಅಂತ."

"ನಿನ್ನ ಹೆಬ್ಬೆರಳ ಉಗುರಿನಷ್ಟು ಸಾಕಂತೆ ಅಂತ ಹೇಳು."

"ಹಕ್ಕಿಗೆಲ್ಲಿ ಹೆಬ್ಬೆರಳು ಅಂತ ಕೇಳು."

ನನಗೆ ನಗು ತಡೆಯಲಾಗಲಿಲ್ಲ. ಅವನೂ ನಕ್ಕ. ಆಮೇಲೆ ದನಿ ತಗ್ಗಿಸಿ ಹಕ್ಕಿಗೆ ಇನ್ನೆರಡು ಮಾತು ಹೇಳಿದ. ಅಂಗಡಿಯವನು ಒತ್ತಿ ಒತ್ತಿ ಹೇಳಿದ್ದನಂತೆ. ಹೊಸ ಗರಿ ಮೊದಲು ಮುಳ್ಳಿನ ಹಾಗೆ ಒಂದು ಕೊಳವೆಯೊಳಗೆ ಬರುತ್ತದೆ. ಬೆಳೆಯುವಷ್ಟು ದಿನ ಆ ಕೊಳವೆಯೊಳಗೆ ರಕ್ತ ಹರಿಯುತ್ತಿರುತ್ತದೆ. ರೆಕ್ಕೆಯ ದೊಡ್ಡ ಗರಿ ಹಾಗಿರುವಾಗ ಮುರಿದರೆ ನಲ್ಲಿ ಬಿಟ್ಟ ಹಾಗೆ ಸುರಿಯುತ್ತದೆ. ಹಿಟ್ಟು ಒತ್ತಿ ಹಿಡಿಯಬೇಕು. ನಿಲ್ಲದಿದ್ದರೆ ಆ ಗರಿಯನ್ನು ಬುಡದಿಂದ ಒಂದೇ ಸಲಕ್ಕೆ ಕಿತ್ತುಬಿಡಬೇಕು. "ಅದಕ್ಕೆ ಇಬ್ಬರು ಬೇಕಂತೆ. ಒಬ್ಬರು ಹಿಡ್ಕೋಬೇಕು, ಇನ್ನೊಬ್ಬರು ಕೀಳಬೇಕು. ಹಿಡಿಯೋರು ಎದೆ ಒತ್ತಬಾರದಂತೆ. ಎದೆ ಉಬ್ಬಿ ಇಳಿದ್ರೇನೇ ಹಕ್ಕಿಗೆ ಉಸಿರಂತೆ."

ಅಕ್ಕ ಮತ್ತೆ ಸೂಜಿ ಆಡಿಸತೊಡಗಿದ್ದಳು. ಆದರೆ ಪ್ರತಿ ಅಕ್ಷರ ಅವಳ ಕಿವಿಗೆ ಬಿದ್ದಿತ್ತು. ಆಮೇಲೆ ಅದನ್ನೆಲ್ಲ ನನಗೆ ಹಾಗೆ ಹಾಗೇ ಒಪ್ಪಿಸಿದಳು.

ಆ ತಿಂಗಳು ಅವರು ಆ ಹಕ್ಕಿಗೆ ಮಾಡಿದ ಸೇವೆಯನ್ನು ಹೆತ್ತ ಮಗುವಿಗೂ ಮಾಡುವುದು ಕಷ್ಟ. ಇಸ್ತ್ರಿಗೆ ಮುಂಚೆ ಬಟ್ಟೆಗೆ ನೀರು ಚಿಮುಕಿಸುವ ಬಾಟಲಿಯನ್ನು ಅಕ್ಕ ತೊಳೆದು ಹಕ್ಕಿಗೆ ಮೀಸಲಿಟ್ಟಳು. ಬೆಳಿಗ್ಗೆ ಬಿಸಿಲು ಕಿಟಕಿಗೆ ಬಂದಾಗ ಮೇಲಿನಿಂದ ಮಂಜಿನ ಹಾಗೆ ನೀರು ಬಿಡುವಳು. ಹಕ್ಕಿ ಮೊದಲು ಬೈದು, ಆಮೇಲೆ ರೆಕ್ಕೆಯಗಲಿಸಿ ಮೈಯೊಡ್ಡುತ್ತಿತ್ತು. ತಮ್ಮ ಕಿಟಕಿಯ ಸಂದುಗಳಿಗೆಲ್ಲ ಹಳೆ ಬಟ್ಟೆ ತುರುಕಿದ. ನೇರ ಮಾತಿಲ್ಲದ ಮನೆಯಾದ್ದರಿಂದ ಮೊದಲ ವಾರ ಇಬ್ಬರೂ ಬೇರೆ ಬೇರೆಯಾಗಿ ಮೊಟ್ಟೆ ಕೊಟ್ಟು, ಹಕ್ಕಿಗೆ ಹೊಟ್ಟೆ ಕೆಟ್ಟಿತು. ಆನಂತರ ಪಂಜರದ ಪಕ್ಕದ ಗೋಡೆಯಲ್ಲಿ ಒಂದು ಕಾಗದ ಬಂತು. ಮೊಟ್ಟೆ ಕೊಟ್ಟವರು ಅಲ್ಲೊಂದು ಗೀಟು ಹಾಕಬೇಕು. ಅವಳದು ಸೀಮೆಸುಣ್ಣದ ಗೀಟು, ಅವನದು ಪೆನ್ನಿನ ಗೀಟು.

ಮೈಮೇಲಿನ ಮುಳ್ಳುಗರಿಗಳ ಸಿಪ್ಪೆಯನ್ನು ಹಕ್ಕಿ ತಾನೇ ಕೊಕ್ಕಿನಿಂದ ಬಿಡಿಸಿಕೊಳ್ಳುತ್ತಿತ್ತು. ತಲೆಯ ಮೇಲಿನದಕ್ಕೆ ಕೊಕ್ಕು ಎಟುಕದು. ಜೋಡಿ ಹಕ್ಕಿ ಇದ್ದರೆ ಅದು ಬಿಡಿಸುತ್ತದೆ, ಒಂಟಿ ಹಕ್ಕಿಗೆ ಮನುಷ್ಯರೇ ಗತಿ. ಒಂದು ಭಾನುವಾರ ನಾನು ಹೋದಾಗ ಜುಟ್ಟು ತಾನಾಗಿಯೇ ಬಂದು ಅಕ್ಕನ ತೊಡೆಯ ಹಲಗೆಯ ಮೇಲೆ ತಲೆ ತಗ್ಗಿಸಿ ನಿಂತಿತ್ತು. ಅವಳು ಒಣಗಿ ಬೆಳ್ಳಗಾದ ಸಿಪ್ಪೆಗಳನ್ನು ಹುಡುಕಿ, ಹೆಬ್ಬೆರಳು ತೋರುಬೆರಳಿನ ನಡುವೆ ದಾರ ಹೊಸೆಯುವ ಹಾಗೆ ಮೆಲ್ಲಗೆ ಹೊಸೆಯುತ್ತಿದ್ದಳು. ಸಿಪ್ಪೆ ಹುಡಿಯಾಗಿ ಉದುರಿದೊಡನೆ ಒಳಗಿಂದ ಪುಟ್ಟ ಗರಿ ಬಿಚ್ಚಿಕೊಳ್ಳುತ್ತಿತ್ತು. ಇಪ್ಪತ್ತಾರು ವರ್ಷ ಸೂಜಿ ಹಿಡಿದ ಬೆರಳು. ಹಕ್ಕಿ ಕಣ್ಣುಮುಚ್ಚಿ ತೂಕಡಿಸುತ್ತಿತ್ತು.

ಹಾಗೆ ಬಿಚ್ಚಿಕೊಂಡ ಗರಿಗಳು ಬೂದು ಬಣ್ಣದವಲ್ಲ. ಹೊಚ್ಚ ಹಳದಿ.

ಲಿಫ್ಟಣ್ಣ ಬಗ್ಗಿ ನೋಡಿದ. "ಜುಟ್ಟು, ಮುಖ ಹಳದಿಯಾದ್ರೆ ಅದು ಗಂಡು ಅಂತ ಹೇಳಿದ್ದ ಅಂಗಡಿಯವನು!"

ಅಕ್ಕ ಒಮ್ಮೆಲೇ ನಕ್ಕುಬಿಟ್ಟಳು. "ಅಯ್ಯೋ, ಹತ್ತು ತಿಂಗಳು ಹುಡುಗಿ ಹುಡುಗಿ ಅಂತ ಮುದ್ದು ಮಾಡಿದ್ವಲ್ಲೋ!"

ಆ "ಅಲ್ಲೋ" ಕೇಳಿದ ಕೂಡಲೇ ಅವನ ಮುಖ ಬೆಳಗಿತು. ತಲೆಯೆತ್ತಿ ನೇರ ಅಕ್ಕನ ಮುಖವನ್ನೇ ನೋಡಿದ. ಅವಳೂ ನೋಡಿದಳು. ಎಷ್ಟು ಹೊತ್ತು ಎಂದರೆ, ನಾನು ಅಲ್ಲಿಂದ ಎದ್ದುಹೋಗಬೇಕಿತ್ತೇನೋ ಎಂದು ನನಗೆ ಈಗಲೂ ಅನ್ನಿಸುವಷ್ಟು. ನಾನಿಲ್ಲದಿದ್ದರೆ ಅವಳು ಮುಂದಿನ ಮಾತನ್ನೂ ಆಡುತ್ತಿದ್ದಳೋ ಏನೋ.

"ಅಲ್ವೇನೋ ಜುಟ್ಟು?" ಎಂದಳು ಅವಳು, ಹಕ್ಕಿಯ ಕಡೆ ತಿರುಗಿ.

ಅವನು ತಲೆ ತಗ್ಗಿಸಿದ.

ಅದಾಗಿ ನಾಲ್ಕು ದಿನಕ್ಕೆ, ಗುರುವಾರ, ಕೆಳಗಿನ ಬೀದಿಯಲ್ಲಿ ಲಾರಿಯಿಂದ ಕಬ್ಬಿಣದ ಸರಳು ಇಳಿಸುತ್ತಿದ್ದರು. ಇಳಿಸುವುದೇನು, ಎತ್ತಿ ಎಸೆಯುತ್ತಿದ್ದರು. ಮಧ್ಯಾಹ್ನ ಹನ್ನೆರಡೂವರೆ. ಮೊದಲ ಕಟ್ಟು ನೆಲಕ್ಕೆ ಬಿದ್ದ ಸದ್ದಿಗೆ ಹಕ್ಕಿ ಹೌಹಾರಿ ಪಂಜರದೊಳಗೆ ಸುತ್ತಮುತ್ತ ಬಡಿದಾಡಿತು. ಅಕ್ಕ ಓಡಿಹೋಗಿ ನೋಡುವಷ್ಟರಲ್ಲಿ ಪಂಜರದ ಕಂಬಿ, ಕೆಳಗಿನ ಕಾಗದ, ಗೋಡೆ ಎಲ್ಲ ರಕ್ತದ ಹನಿ. ಎಡ ರೆಕ್ಕೆಯಲ್ಲಿ ಹೊಸದಾಗಿ ಬೆಳೆಯುತ್ತಿದ್ದ ದೊಡ್ಡ ಗರಿ ಮಧ್ಯಕ್ಕೆ ಮುರಿದು ನೇತಾಡುತ್ತಿತ್ತು.

ಮುಂದಿನದನ್ನು ಅಕ್ಕ ನನಗೆ ಒಂದೇ ಸಲ ಹೇಳಿದ್ದು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಅವಳು ಹಕ್ಕಿಯನ್ನು ಟವೆಲಿನಲ್ಲಿ ಸುತ್ತಿ, ಡಬ್ಬಿಯಿಂದ ಹಿಟ್ಟು ತೆಗೆದು ಗಾಯಕ್ಕೆ ಒತ್ತಿದಳು. ಹಿಟ್ಟು ಕೆಂಪು ಮುದ್ದೆಯಾಗಿ ಜಾರಿತು. ಮತ್ತೆ ಒತ್ತಿದಳು. ಮತ್ತೆ ಜಾರಿತು. ಹಕ್ಕಿಯನ್ನು ಎದೆಗವಚಿಕೊಂಡು ಬಂದು ನನ್ನ ಬಾಗಿಲು ಬಡಿದಳು. ಬೀಗ ಕಂಡ ಮೇಲೂ ಬಡಿದಳು. ಕೆಳಗಿನ ಎರಡು ಮಹಡಿಯಲ್ಲೂ ಹಗಲಲ್ಲಿ ಯಾರೂ ಇರುವುದಿಲ್ಲ. ಪ್ರಾಣಿಗಳ ಆಸ್ಪತ್ರೆ ಊರ ಇನ್ನೊಂದು ತುದಿಯಲ್ಲಿದೆ. ಇಬ್ಬರು ಬೇಕು, ಇಬ್ಬರು ಬೇಕು ಎನ್ನುವುದೊಂದೇ ತಲೆಯಲ್ಲಿ ತಿರುಗುತ್ತಿತ್ತಂತೆ.

ಆಗಿನ್ನೂ ಎಲ್ಲರ ಕೈಯಲ್ಲೂ ಮೊಬೈಲ್ ಇರಲಿಲ್ಲ. ತುರ್ತಾಗಿ ಡ್ಯೂಟಿಗೆ ಕರೆಯಲೆಂದು ಆಸ್ಪತ್ರೆಯವರೇ ಅವರ ಮನೆಗೆ ಫೋನ್ ಹಾಕಿಸಿದ್ದರು. ಅವಳು ಒಂದು ಕೈಯಲ್ಲಿ ಹಕ್ಕಿ ಹಿಡಿದು ಇನ್ನೊಂದರಲ್ಲಿ ನಂಬರು ತಿರುಗಿಸಿದಳು. ಆಪರೇಟರ್ ಹುಡುಗಿ ಎತ್ತಿದಳು.

"ಲಿಫ್ಟ್ ಹತ್ತಿರ ಕೊಡಮ್ಮಾ. ಬೇಗ."

ಈ ಮಾತು ಸರಾಗವಾಗಿ ಬಂತು. ಆ ಕಡೆ ಟಣ್ ಎಂದು ಲೈನ್ ಬದಲಾಯಿತು.

"ಹಲೋ, ಲಿಫ್ಟ್" ಎಂದ ತಮ್ಮ.

ಅವಳು ಬಾಯಿ ತೆರೆದಳು. ನಾಲಿಗೆ ಏಳಲಿಲ್ಲ. "ನನ್ನ ಗಂಟಲೊಳಗೆ ಯಾರೋ ಕಾಜಾ ಮುಚ್ಚಿ ಹೊಲಿದ ಹಾಗಾಯ್ತು ಕಣೇ" ಎಂದಳು ನನಗೆ. "ಬಾ ಅಂದ್ರೆ ಸಾಕಿತ್ತು. ಒಂದೇ ಅಕ್ಷರ. ಎಂಟೂವರೆ ವರ್ಷ ನುಂಗಿ ನುಂಗಿ, ಬೇಕು ಅಂದಾಗ ಅದು ಎಲ್ಲಿದೆ ಅಂತಲೇ ಗೊತ್ತಾಗಲಿಲ್ಲ."

"ಹಲೋ? ಯಾರು?" ಎಂದ. ಒಂದು ಕ್ಷಣ ಸುಮ್ಮನಿದ್ದ. ಮತ್ತೆ, "ಯಾರು ಮಾತಾಡೋದು?" ಎಂದ. ಆಮೇಲೆ ಫೋನ್ ಇಟ್ಟ.

ಎರಡನೆಯ ಸಲ ಆಪರೇಟರಿಗೇ ವಿಷಯ ಹೇಳಿಬಿಡೋಣ ಎಂದು ನಂಬರು ತಿರುಗಿಸಿದಳು. ಊಟದ ಹೊತ್ತು. ಗಂಟೆ ಹೊಡೆಯುತ್ತಲೇ ಇತ್ತು, ಯಾರೂ ಎತ್ತಲಿಲ್ಲ.

ಕೊನೆಗೆ ಅವಳು ನೆಲದ ಮೇಲೆ ಕೂತು, ಟವೆಲಿನಲ್ಲಿದ್ದ ಹಕ್ಕಿಯನ್ನು ಮಂಡಿಗಳ ನಡುವೆ ಹಿಡಿದುಕೊಂಡು, ಕಚ್ಚಾ ಹೊಲಿಗೆಯ ದಾರ ಕೀಳುವ ಚಿಮಟದಿಂದ ಆ ಗರಿಯ ಬುಡ ಹಿಡಿದಳು. ಮೊದಲ ಸಲ ರಕ್ತಕ್ಕೆ ಚಿಮಟ ಜಾರಿತು. ಹಕ್ಕಿ ಕಿರುಚಿ ಒದ್ದಾಡಿತು. ಅದು ಜಾರದಿರಲಿ ಎಂದು ಮಂಡಿ ಬಿಗಿ ಮಾಡಿದಳು. ಎರಡನೆಯ ಸಲ ಗರಿ ಪೂರ್ತಿ ಕಿತ್ತು ಬಂತು. ಹಿಟ್ಟು ಒತ್ತಿದಳು. ರಕ್ತ ನಿಂತಿತು. ದೇವರೇ, ನಿಂತಿತು ಎಂದುಕೊಂಡು ಟವೆಲ್ ಬಿಚ್ಚಿದರೆ ಹಕ್ಕಿ ಆಗಲೇ ಇರಲಿಲ್ಲ. ಹಳದಿ ಮುಖ ಒಂದು ಕಡೆಗೆ ವಾಲಿತ್ತು.

"ರಕ್ತ ಹೋಗಿ ಸತ್ತಿತೋ, ನನ್ನ ಮಂಡಿ ಒತ್ತಿ ಸತ್ತಿತೋ ಗೊತ್ತಿಲ್ಲ" ಎಂದಳು. "ಎದೆ ಒತ್ತಬಾರದು ಅಂತ ಅವನು ಹೇಳಿದ್ದ. ನಾನು ಕೇಳಿಸ್ಕೊಂಡಿದ್ದೆ. ಇದನ್ನ ಮಾತ್ರ ಅವನಿಗೆ ಹೇಳಬೇಡ. ನನ್ನಾಣೆ."

ಸಂಜೆ ಐದೂವರೆಗೆ ತಮ್ಮ ಬಂದಾಗ ಅವಳು ಕಿಟಕಿಯ ಕುರ್ಚಿಯಲ್ಲಿ ಬರಿಗೈಯಲ್ಲಿ ಕೂತಿದ್ದಳು. ಅವನು ಖಾಲಿ ಪಂಜರ ನೋಡಿದ, ಗೋಡೆಯ ಮೇಲಿನ ಹನಿ ನೋಡಿದ. ಆದರೂ ಅಭ್ಯಾಸಬಲ, ಪಂಜರದ ಕಡೆಗೇ ತಿರುಗಿ, "ಜುಟ್ಟು, ಅಕ್ಕನ್ನ ಕೇಳು, ಏನಾಯ್ತು..." ಎಂದು ಶುರುಮಾಡಿ ನಿಲ್ಲಿಸಿದ.

ಟವೆಲಿನ ಪುಟ್ಟ ಗಂಟು ಹಲಗೆಯ ಮೇಲಿತ್ತು. ಅವನು ಬಿಚ್ಚಿ ನೋಡಿ ಮತ್ತೆ ಮಡಿಸಿದ. ಆಮೇಲೆ ಫೋನಿನ ಹತ್ತಿರ ಹೋದ. ರಿಸೀವರಿನ ಮೇಲೆ ಹಿಟ್ಟು, ರಕ್ತ ಎರಡೂ ಅಂಟಿ ಒಣಗಿತ್ತು.

"ಮಧ್ಯಾಹ್ನ ಫೋನ್ ಮಾಡಿದ್ದು ನೀನಾ ಅಕ್ಕಾ?"

ಅವಳು ತಲೆಯಾಡಿಸಿದಳು. "ಮಾತು ಬರಲಿಲ್ಲ ಕಣೋ" ಎಂದಳು.

ಎಂಟೂವರೆ ವರ್ಷದ ಮೇಲೆ ಅವಳು ಅವನಿಗೆ ಆಡಿದ ಮೊದಲ ಮಾತು ಅದು. ನಾನು ಆರಕ್ಕೆ ಬಂದಾಗ ಅವರ ಬಾಗಿಲು ತೆರೆದೇ ಇತ್ತು. ಅವನು ಗೋಡೆ ಒರೆಸುತ್ತಿದ್ದ, ಅವಳು ಬಕೆಟಿಗೆ ನೀರು ತುಂಬಿ ಕೊಡುತ್ತಿದ್ದಳು. ಹನಿಗಳು ಹೋದವು, ಜೊತೆಗೆ ಸುಣ್ಣವೂ ಎದ್ದುಬಂತು.

ಹೋಗಲಿ, ಹಕ್ಕಿ ಸತ್ತು ಇವರಿಗೆ ಮಾತು ಕೊಟ್ಟಿತಲ್ಲ ಎಂದು ನಾನು ಅಂದುಕೊಂಡಿದ್ದೆ. ಎಂಥ ಮೂರ್ಖತನ! ಹಕ್ಕಿ ಇದ್ದಾಗ ದಿನಕ್ಕೆ ನೂರು ಮಾತಾಡುತ್ತಿದ್ದವರು ಈಗ ನೇರವಾಗಿ ಐದು ಮಾತಾಡಿದರೆ ಹೆಚ್ಚು. ಊಟ ಆಯ್ತಾ. ಆಯ್ತು. ನಲ್ಲಿ ಬಂತಾ. ಬಂತು. ದೊಡ್ಡ ಡಾಕ್ಟರ ಕಥೆ ನಿಂತಿತು, ಹೊಟ್ಟೆ ಬೆಳೆದವರ ದೂರೂ ನಿಂತಿತು. ಹಕ್ಕಿಗೆ ಹೇಳುವಾಗ ತಮಾಷೆ ಬರುತ್ತಿತ್ತು, ಮುಖಕ್ಕೆ ಮುಖ ಕೊಟ್ಟರೆ ಇಬ್ಬರಿಗೂ ಆ ಗುರುವಾರವೇ ಕಾಣುತ್ತಿತ್ತು.

ಒಂದು ತಿಂಗಳಾದ ಮೇಲೆ ಹಕ್ಕಿ ಅಂಗಡಿಯವನು ಲಿಫ್ಟಣ್ಣನ ಕೈಯಲ್ಲಿ ಹೇಳಿಕಳಿಸಿದ, ಒಂದು ಮರಿ ಇದೆ, ಸುಮ್ಮನೇ ಕೊಡುತ್ತೇನೆ ಎಂದು. ಅಕ್ಕ ಬೇಡ ಎಂದಳು.

"ನಮಗೆ ಹಕ್ಕಿ ಬೇಕಾಗಿರಬಹುದು. ಹಕ್ಕಿಗೆ ನಾವು ಬೇಡ."

ಲಿಫ್ಟಣ್ಣ ಒಮ್ಮೆ ಅಂಚೆ ಕಚೇರಿಗೇ ಬಂದ. ಕೌಂಟರಿನ ಮುಂದೆ ಬೇರೆ ಯಾರೂ ಇರಲಿಲ್ಲ. ಒಂದು ಸ್ಟಾಂಪು ಕೊಂಡ. ಯಾರಿಗೂ ಕಾಗದ ಬರೆಯುವವನಲ್ಲ. ಅದನ್ನು ಬೆರಳಲ್ಲಿ ತಿರುಗಿಸುತ್ತ ನಿಂತ.

"ನಿಮ್ಮ ಹತ್ತಿರ ಒಂದು ಮಾತು ಹೇಳ್ಬೇಕು. ಹೇಳದಿದ್ರೆ ತಲೆ ಸಿಡಿಯುತ್ತೆ" ಎಂದ. "ಅವತ್ತು ಫೋನ್‌ನಲ್ಲಿ ನನಗೆ ಗೊತ್ತಾಗಿತ್ತು."

"ಏನು ಗೊತ್ತಾಗಿತ್ತು?"

"ಅಕ್ಕ ಅಂತ. ಉಸಿರು ಗೊತ್ತಾಗಲ್ವಾ? ಹಿಂದೆ ಜುಟ್ಟು ಕೂಗಿದ್ದೂ ಕೇಳಿಸ್ತು. ಏನೋ ಆಗಿದೆ ಅಂತ ಅನ್ನಿಸ್ತು. ಆದ್ರೆ..." ಅವನು ಸ್ಟಾಂಪನ್ನು ಕೌಂಟರಿನ ಮೇಲಿಟ್ಟ. "ಎಂಟು ವರ್ಷ ನಾನೇ ಕಾದಿದ್ದೀನಿ. ಆ ಭಾನುವಾರ ಬಾಯಿ ತನಕ ಬಂದದ್ದನ್ನ ತಿರುಗಿಸಿ ಹಕ್ಕಿಗೆ ಹೇಳಿದ್ಲು, ನೀವೂ ಇದ್ರಿ. ಈಗ್ಲಾದ್ರೂ ಒಂದು ಮಾತು ಆಡ್ಲಿ, ನನ್ನ ಹೆಸರು ಹಿಡಿದು ಕರೀಲಿ, ಓಡಿಹೋಗ್ತೀನಿ ಅಂತ ಕಾದೆ. ಆಡ್ಲಿಲ್ಲ. ಸಿಟ್ಟು ಬಂತು. ಇಟ್ಟುಬಿಟ್ಟೆ. ಹತ್ತು ನಿಮಿಷದ ದಾರಿ."

ಸ್ಟಾಂಪನ್ನು ಮತ್ತೆ ಎತ್ತಿ ಜೇಬಿಗೆ ಹಾಕಿಕೊಂಡ.

"ಅವಳಿಗೆ ಹೇಳ್ಬೇಡಿ. ಯಾರೋ ಏನೋ ಅಂತ ಇಟ್ಟೆ ಅಂದುಕೊಂಡಿದ್ದಾಳೆ. ಹಾಗೇ ಇರಲಿ."

ಹಾಗೆ ಇಬ್ಬರ ಗುಟ್ಟೂ ನನ್ನ ಹೊಟ್ಟೆಯಲ್ಲಿ ಉಳಿಯಿತು. ಅವಳದು ಅವನಿಗೆ ತಿಳಿದರೆ ಅವಳು ಸಾಯುತ್ತಾಳೆ, ಅವನದು ಅವಳಿಗೆ ತಿಳಿದರೆ ಅವನು. ಎರಡನ್ನೂ ಒಟ್ಟಿಗೆ ಅವರ ಮುಂದೆ ಇಟ್ಟಿದ್ದರೆ ಸಮವಾಗಿ ಹಗುರಾಗುತ್ತಿತ್ತೇ? ಎಷ್ಟೋ ಸಲ ಅವರ ಬಾಗಿಲ ತನಕ ಹೋಗಿ, ಸಕ್ಕರೆ ಇದೆಯಾ ಎಂದು ಕೇಳಿ ವಾಪಸು ಬಂದಿದ್ದೇನೆ.

ಅಕ್ಕ ಆಮೇಲೆ ಹದಿನೆಂಟು ವರ್ಷ ಇದ್ದಳು. ಕಣ್ಣು ಮಂಜಾಯಿತು. ಅಂಗಡಿಯವರು ಕಾಜಾ ಹಾಕುವ ಯಂತ್ರ ತಂದರು. ಗಂಟು ದಿನಕ್ಕೊಂದಿದ್ದದ್ದು ವಾರಕ್ಕೊಂದಾಯಿತು, ಆಮೇಲೆ ಅದೂ ಇಲ್ಲ. ಕಿಟಕಿಯ ಪಕ್ಕ ಸುಮ್ಮನೆ ಕೂರುತ್ತಿದ್ದಳು. ಒಂದು ದಿನ ತಮ್ಮ ಹತ್ತಿರ ಬಂದು ಕೂತು ಹೇಳಿದನಂತೆ: "ಅಕ್ಕಾ, ಅವತ್ತು ಮಾಸ್ತರಿಗೆ ನಾನು ಹೇಳಿದ್ದು ನಿನ್ನ ಒಳ್ಳೇದಕ್ಕಲ್ಲ. ನೀನು ಹೋದ್ರೆ ಅಮ್ಮನ್ನ ನಾನೊಬ್ಬನೇ ನೋಡ್ಕೋಬೇಕಲ್ಲ ಅಂತ ಹೆದರಿದೆ."

"ಗೊತ್ತಿತ್ತು."

"ಯಾವಾಗಿಂದ?"

"ಅವತ್ತಿಂದಲೇ" ಎಂದು ಅವಳು ಕಿಟಕಿಯಾಚೆ ನೋಡಿದಳಂತೆ. ಕ್ಷಮಿಸಿದೆ ಎನ್ನಲಿಲ್ಲ, ಇಲ್ಲ ಎಂದೂ ಅನ್ನಲಿಲ್ಲ. ಅವನೂ ಕೇಳಲಿಲ್ಲ.

ಅವಳು ಹೋದದ್ದು ಅವನ ಆಸ್ಪತ್ರೆಯಲ್ಲೇ, ನಾಲ್ಕನೆಯ ಮಹಡಿಯಲ್ಲಿ. ಅಷ್ಟು ಹೊತ್ತಿಗೆ ಅವನಿಗೆ ನಿವೃತ್ತಿಯಾಗಿತ್ತು. ಲಿಫ್ಟ್ ಗುಂಡಿ ಒತ್ತಿದರೆ ತಾನೇ ನಡೆಯುವಂಥದ್ದಾಗಿತ್ತು. ಕೊನೆಯ ಎರಡು ದಿನ ಅವಳಿಗೆ ಎಚ್ಚರವಿರಲಿಲ್ಲ. ಅವನು ಮಂಚದ ಪಕ್ಕ ಕೂತು ಏನೋ ಹೇಳುತ್ತಲೇ ಇದ್ದ. ನಾನು ಬಾಗಿಲಲ್ಲಿ ನಿಂತದ್ದು ಕಂಡು ನಿಲ್ಲಿಸಿದ.

ತಿಂಗಳ ಮೇಲೆ ಅವನು ಮನೆ ಖಾಲಿ ಮಾಡಿದ. ಇನ್ನೊಂದು ಊರಿನಲ್ಲಿ ಹಳೆಯ ಸಹೋದ್ಯೋಗಿಯೊಬ್ಬನ ಜೊತೆ ಇರುತ್ತೇನೆ ಎಂದ. ಬೀಗದ ಕೈಯನ್ನು ನನಗೆ ಕೊಡಲು ಬಂದವನು ಹೊಸ್ತಿಲಲ್ಲೇ ನಿಂತ.

"ಅಕ್ಕ ನಿಮ್ಮ ಹತ್ತಿರ ಎಲ್ಲ ಹೇಳ್ಕೊಳ್ತಿದ್ಲು" ಎಂದ. "ಅವತ್ತಿನ ವಿಷಯ ಏನಾದ್ರೂ ಹೇಳಿದ್ಲಾ? ನನ್ನ ಮೇಲೆ ಏನಾದ್ರೂ?"

ಅವಳು ಇಲ್ಲ. ಆಣೆ ಇದೆ. ಅವನ ಕಣ್ಣು ನನ್ನ ಬಾಯಿಯನ್ನೇ ನೋಡುತ್ತಿತ್ತು. ಅವಳ ಮಂಡಿಯ ಮಾತು ಹೇಳಿದರೆ, ತಾನು ಹತ್ತು ನಿಮಿಷದ ದಾರಿಯಲ್ಲಿ ಕೂತಿದ್ದಾಗ ಅವಳು ಒಬ್ಬಳೇ ಏನು ಮಾಡಬೇಕಾಯಿತು ಎನ್ನುವುದನ್ನೂ ಅವನು ಹೊತ್ತುಕೊಂಡು ಹೋಗಬೇಕಾಗುತ್ತದೆ. ಹೇಳದಿದ್ದರೆ ಅವಳು ಅವನನ್ನಲ್ಲ, ತನ್ನನ್ನೇ ದೂರಿಕೊಂಡು ಸತ್ತಳು ಎನ್ನುವುದು ಅವನಿಗೆ ಎಂದೂ ತಿಳಿಯುವುದಿಲ್ಲ.

"ಇಲ್ಲ" ಎಂದೆ. "ಏನೂ ಹೇಳಲಿಲ್ಲ."

ಅವನು ತಲೆಯಾಡಿಸಿದ. ನೆಲದ ಮೇಲಿಟ್ಟಿದ್ದ ಚೀಲ ಎತ್ತಿಕೊಂಡು, ಬರ್ತೀನಿ ಎಂದು ಹೇಳಿ, ಗೋಡೆ ಹಿಡಿದುಕೊಂಡು ಒಂದೊಂದೇ ಮೆಟ್ಟಿಲು ಇಳಿದು ಹೋದ.